ಯಾವ ಕೇಬಲ್ ಬೇಕು, ಅಕ್ಕೋರೇ?

"ಯಾವ ಕೇಬಲ್ ಬೇಕು, ಅಕ್ಕೋರೇ?" ಎಂದು ಅಂಗಡಿಯವನು ಕೇಳಿದಾಗ ಉತ್ತರ ನನಗೆ ಗೊತ್ತಿದೆ ಎಂದೇ ನಂಬಿದ್ದೆ. ಮನೆಯಿಂದ ಹೊರಡುವಾಗಲೇ ಬಾಯಿಪಾಠ ಮಾಡಿಕೊಂಡಿದ್ದೆ. ಎಚ್‌ಡಿಎಂಐ ಕೇಬಲ್, ಟಿವಿಗೂ ಸೌಂಡ್‌ಬಾರಿಗೂ ನಡುವೆ ಹಾಕುವಂಥದ್ದು, ಪ್ಲೀಸ್. ನಾನು ಕಲಿತ ಕಾನ್ವೆಂಟಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಸ್ಟೋರ್ ರೂಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ನಿಬ್ಬು, ದಾರ, ಬಟನ್ನು, ಏನೇ ಕೇಳಲು ಹೋದರೂ, "ಸ್ಟೇಟ್ ಯುವರ್ ನೀಡ್, ಚೈಲ್ಡ್. ಒನ್ ಸೆಂಟೆನ್ಸ್" ಎನ್ನುತ್ತಿದ್ದರು. ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿದರೆ ಬೇಕಾದದ್ದು ಕೈಗೆ ಬರುತ್ತಿತ್ತು. ಜಗತ್ತು ಹಾಗೇ ನಡೆಯುತ್ತದೆ ಎಂದುಕೊಂಡು ನಾನು ಇಷ್ಟು ವರ್ಷ ಅಂಗಡಿಗಳಿಗೆ ಹೋದವಳು.

ಅಂಗಡಿಯವನಿಗೆ ಒಂದು ವಾಕ್ಯ ಸಾಲಲಿಲ್ಲ. "ಅದು ಸರಿ. ಯಾವ ವರ್ಶನ್ನು?" ಎಂದ.

"ಅಂದರೆ?"

"ಒಂದು ಪಾಯಿಂಟ್ ನಾಕು ಅದೆ, ಎರಡು ಅದೆ, ಎರಡು ಪಾಯಿಂಟ್ ಒಂದು ಅದೆ. ಫೋರ್ ಕೆ ಬೇಕಾ, ಏಟ್ ಕೆ ಬೇಕಾ?"

"ಕೇಳಿಸಿದರೆ ಸಾಕು," ಎಂದೆ. "ನನಗಲ್ಲ, ನಮ್ಮನೆಯವರಿಗೆ."

ಅವನು ನನ್ನ ಮುಖವನ್ನು ಒಮ್ಮೆ ನೋಡಿದ. "ಕೇಳೂದಕ್ಕೆ ಒಂದು, ನೋಡೂದಕ್ಕೆ ಒಂದು ಅಂತ ಇಲ್ಲ ಅಕ್ಕೋರೇ. ಎಲ್ಲಾ ಒಂದೇ ವೈರಲ್ಲಿ ಹೋಗ್ತದೆ."

"ಹಾಗಾದರೆ ಇಷ್ಟೊಂದು ಬಗೆ ಯಾಕೆ ಇಟ್ಟಿದ್ದೀಯಪ್ಪ?"

"ಗಿರಾಕಿ ಕೇಳ್ತಾರಲ್ಲ. ಉದ್ದ ಎಷ್ಟು ಬೇಕು ಹೇಳಿ."

ಉದ್ದ ಅಳೆದುಕೊಂಡು ಬಂದಿರಲಿಲ್ಲ. ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿ, ಹೀಗೆ ಎರಡು ಮೊಳ ಇದ್ದರೆ ಆದೀತು ಎಂದೆ. ಪಕ್ಕದಲ್ಲಿ ಮೊಬೈಲಿನ ಗಾಜು ಹಾಕಿಸಿಕೊಳ್ಳಲು ನಿಂತಿದ್ದ ಹೆಂಗಸು ನಕ್ಕುಬಿಟ್ಟಳು. "ಅಬ್ಬಲಿಗೆ ಹೂವಿನ ದಂಡೆ ಅಲ್ಲ ಅಕ್ಕೋರೇ ಇದು," ಎಂದು ಅಂಗಡಿಯವನೂ ನಕ್ಕ. ಆಮೇಲೆ ಗೋಡೆಯಿಂದ ಒಂದನ್ನು ಇಳಿಸಿ ನನ್ನ ಮುಂದೆ ಇಟ್ಟ. "ಇದು ತಗೊಳ್ಳಿ. ತುದಿಗೆ ಚಿನ್ನದ ಪಾಲಿಶ್ ಅದೆ. ನಮ್ಮ ಉಪ್ಪುಗಾಳಿಗೆ ಬೇರೆ ಎಲ್ಲಾ ತುಕ್ಕು ಹಿಡೀತದೆ, ಇದು ಹಿಡಿಯೂದಿಲ್ಲ."

ಕಾರವಾರದಲ್ಲಿ ಈ ಮಾತು ಹೇಳಿದರೆ ಏನನ್ನು ಬೇಕಾದರೂ ಮಾರಬಹುದು. ನಮ್ಮ ಕಿಟಕಿಯ ಬಿಜಾಗರಿ, ಗೇಟಿನ ಕೊಂಡಿ, ನನ್ನ ಹೊಲಿಗೆ ಮಷೀನಿನ ಚಕ್ರ ಎಲ್ಲವನ್ನೂ ಈ ಗಾಳಿ ತಿಂದಿದೆ. ಚಿನ್ನದ ಪಾಲಿಶಿನ ಕೇಬಲನ್ನು ಕಾಗದದಲ್ಲಿ ಸುತ್ತಿಸಿಕೊಂಡು ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಇವತ್ತು ಸಂಜೆ ಅವರು ಒಳಗೆ ಬಂದು ಕೂರುತ್ತಾರೆ ಎಂಬ ಒಂದೇ ಯೋಚನೆ.

ಅವರು ಎಂದರೆ ನನ್ನ ಯಜಮಾನರು. ನಮ್ಮದು ಕೋಡಿಬಾಗದಲ್ಲಿ ಹೊಳೆಗೆ ಹತ್ತಿರದ ಮನೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು; ಅವರು ಬಂದರು ಕಚೇರಿಯಲ್ಲಿ ಇದ್ದವರು. ಸಂಜೆ ದೀಪ ಹಚ್ಚಿ, ಚಹಾ ಕುಡಿದು, ಹಾಲಿನಲ್ಲಿ ಎರಡು ಕುರ್ಚಿ ಎಳೆದುಕೊಂಡು ಒಂದು ಹಳೆಯ ಪಿಕ್ಚರ್ ನೋಡುವುದು ನಮ್ಮ ಪದ್ಧತಿ. ನೋಡುವುದು ಎಂದರೆ ಪೂರ್ತಿ ಸರಿಯಲ್ಲ. ಅವರು ನೋಡುವುದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಪರದೆಯ ಮೇಲೆ ಯಾರೋ ಹಿಂದಿಯಲ್ಲಿ ಪ್ರತಿಜ್ಞೆ ಮಾಡಿದರೆ ಇವರು ಇಲ್ಲಿಂದ ಕೊಂಕಣಿಯಲ್ಲಿ ಉತ್ತರ ಕೊಡುತ್ತಿದ್ದರು. ನಾಯಕಿ ಅಳುತ್ತಾ ಮನೆ ಬಿಟ್ಟು ಹೊರಟರೆ, "ಚಪ್ಪಲಿ ಹಾಕ್ಕೊಂಡು ಹೋಗು ಮಾರಾಯ್ತಿ, ಕಲ್ಲು ಅದೆ" ಎನ್ನುತ್ತಿದ್ದರು. ನಾನು ಕ್ಲಾಸಿನ ದನಿಯಲ್ಲಿ "ಸೈಲೆನ್ಸ್ ಪ್ಲೀಸ್" ಎನ್ನುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದದ್ದು ಅರ್ಧ ನಿಮಿಷ.

ಆಮೇಲೆ ಅವರ ಕಿವಿ ಮಂದವಾಗುತ್ತ ಬಂತು. ಮೊದಲು ಫೋನಿನಲ್ಲಿ, ಆಮೇಲೆ ಹಿಂದಿನಿಂದ ಕರೆದರೆ, ಆಮೇಲೆ ಎದುರಿಗೇ. ಕಿವಿಯ ಮಷೀನು ತರಿಸಿದೆವು. "ಬಿಸಿ ಎಣ್ಣೆಗೆ ಬಂಗುಡೆ ಬಿಟ್ಟ ಹಾಗೆ ಚುಂಯ್ ಅಂತದೆ," ಎಂದು ಅದನ್ನು ತೆಗೆದು ಡ್ರಾವರಿನಲ್ಲಿ ಇಟ್ಟರು. ಅದು ಅಲ್ಲೇ ಇದೆ. ಟಿವಿಯ ದನಿ ಏರಿಸುತ್ತ ಹೋದರು. ಪಕ್ಕದ ಮನೆಯವಳು ಬೇಲಿಯ ಆಚೆಯಿಂದ, "ಟೀಚರ್, ನಿಮ್ಮಲ್ಲಿ ನೆಂಟ್ರು ಬಂದು ಜಗಳ ಆಯ್ತಾ ನಿನ್ನೆ?" ಎಂದು ಕೇಳಿದಳು. ಎಷ್ಟು ಏರಿಸಿದರೂ ಅವರಿಗೆ ಗದ್ದಲ ಕೇಳುತ್ತಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ. ಎಲ್ಲರೂ ನಗುವ ಜಾಗದಲ್ಲಿ ನನ್ನ ಮುಖ ನೋಡಿಕೊಂಡು ನಗುತ್ತಿದ್ದರು. ಕೊನೆಗೆ ಅದನ್ನೂ ಬಿಟ್ಟರು. "ನೀ ನೋಡು. ನಂಗೆ ಗೊತ್ತಿದ್ದ ಕತೆ," ಎಂದು ಜಗಲಿಗೆ ಹೋಗಿ ಕೂರಲು ಶುರುಮಾಡಿದರು. ಗೊತ್ತಿದ್ದ ಕತೆಯೇನೂ ಅಲ್ಲ. ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ನಾನು ಒಳಗೆ ಒಬ್ಬಳೇ ಪಿಕ್ಚರ್ ನೋಡುತ್ತಿದ್ದೆ. ಯಾರಿಗೂ ಸೈಲೆನ್ಸ್ ಎನ್ನುವ ಅಗತ್ಯ ಇರಲಿಲ್ಲ.

ಅಂಕೋಲೆಗೆ ಮದುವೆಯಾಗಿ ಹೋದ ನಮ್ಮ ಮಗಳು ಅಲ್ಲಿಯೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಆ ಬೇಸಿಗೆಯಲ್ಲಿ ಒಂದು ಭಾನುವಾರ ಅವಳೂ ಅಳಿಯನೂ ಸೌಂಡ್‌ಬಾರ್ ಹಿಡಿದುಕೊಂಡು ಬಂದರು. ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರು ಅದು. ಅದರಲ್ಲಿ ಮಾತನ್ನು ಮಾತ್ರ ಎತ್ತಿ ತೋರಿಸುವ ಒಂದು ಗುಂಡಿ ಇದೆ, ಹಿನ್ನೆಲೆಯ ಗದ್ದಲ ಕೆಳಗೆ ಹೋಗುತ್ತದೆ. ಅಳಿಯ ಅದನ್ನು ಜೋಡಿಸಿದ, ಊಟ ಮಾಡಿ ಇಬ್ಬರೂ ಹೊರಟರು. ಸಂಜೆ ನಾನು ಟಿವಿ ಹಚ್ಚಿದೆ. ಜಗಲಿಯಲ್ಲಿದ್ದವರು ತಲೆ ತಿರುಗಿಸಿದರು. ಎದ್ದು ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಕುರ್ಚಿ ಎಳೆದರು. ಪಿಕ್ಚರಿನಲ್ಲಿ ಒಬ್ಬ ಅಡುಗೆಭಟ್ಟ ಏನೋ ಅಂದ. ಇವರು ನನಗಿಂತ ಮುಂಚೆ ನಕ್ಕರು. ಮರುಕ್ಷಣ ಅವನಿಗೆ ಕೊಂಕಣಿಯಲ್ಲಿ ಏನೋ ಉತ್ತರವನ್ನೂ ಕೊಟ್ಟರು. ನಾನು ಸೆರಗಿನಿಂದ ಕನ್ನಡಕ ಒರೆಸಿಕೊಂಡೆ.

ಆ ಸುಖ ಒಂದು ವಾರವೂ ಬಾಳಲಿಲ್ಲ. ಒಂದು ಸಂಜೆ ಟಿವಿ ಹಚ್ಚಿ, ರಿಮೋಟಿನಲ್ಲಿ ಸೋರ್ಸ್ ಒತ್ತಿದರೆ ಚಿತ್ರ ಇದೆ, ಸೌಂಡ್‌ಬಾರಿನಲ್ಲಿ ಸ್ವರ ಇಲ್ಲ. ಟಿವಿಯ ಹಿಂಬದಿಯಿಂದ ಅದರದೇ ಹಳೆಯ ಕೀರಲು ದನಿ ಬರುತ್ತಿತ್ತು. ಅವರು ಸ್ವಲ್ಪ ಹೊತ್ತು ಮುಂದಕ್ಕೆ ಬಾಗಿ ಕೂತರು. "ಕೆಟ್ಟಿತು," ಎಂದರು, ಬೇಸರವೂ ಇಲ್ಲದ ಹಾಗೆ, ಮೊದಲೇ ಗೊತ್ತಿತ್ತು ಎಂಬ ಹಾಗೆ. ಎದ್ದು ಜಗಲಿಗೆ ಹೋದರು.

ಮಗಳಿಗೆ ಫೋನ್ ಮಾಡಿದೆ. "ಆಯಿ, ಕೇಬಲ್ ಹೋಗಿರ್ಬೇಕು," ಎಂದಳು. "ಡಬ್ಬಿಯಲ್ಲಿ ಬರೂದು ಯಾವಾಗ್ಲೂ ತೆಳು ಇರ್ತದೆ. ಒಂದು ಒಳ್ಳೇದು ತಗೊ." ಹೀಗೆ ನಾನು ಕೇಬಲ್ ಆರಿಸಲು ಹೊರಟವಳು.

ಚಿನ್ನದ ಪಾಲಿಶಿನದನ್ನು ನಾನೇ ಹಾಕಿದೆ. ಅಷ್ಟು ತಿಳಿಯದವಳಲ್ಲ, ಹಳೆಯ ಕೇಬಲನ್ನು ಎಳೆದು, ಅದು ಇದ್ದ ತೂತಿಗೇ ಹೊಸದನ್ನು ಹಾಕಿದೆ. ಸ್ವರ ಬರಲಿಲ್ಲ. ಅವರು ಟಾರ್ಚ್ ತಂದು, "ನೀ ಆಚೆ ಸರಿ, ಕೂತಿಲ್ಲ ಅದು ಗಟ್ಟಿ," ಎಂದು ಟಿವಿಯ ಹಿಂದೆ ಕೈ ಹಾಕಿ ಇದ್ದಬದ್ದ ವೈರುಗಳನ್ನೆಲ್ಲ ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸಿದರು. ಸ್ವರ ಬಂತು. ಚಿನ್ನದ ಮೇಲೆ ನನಗೆ ಬಹಳ ಗೌರವ ಹುಟ್ಟಿತು. ಎರಡು ಮೂರು ದಿನ ಕಳೆಯುವುದರೊಳಗೆ ಅದೂ ಮೌನವಾಯಿತು.

ಮತ್ತೆ ಅದೇ ಅಂಗಡಿ. "ಕೇಬಲ್ ತಪ್ಪಲ್ಲ ಅಕ್ಕೋರೇ. ಉದ್ದ ಹೆಚ್ಚಾಯ್ತು, ಸಿಗ್ನಲ್ ಸೋತು ಹೋಗ್ತದೆ," ಎಂದ.

"ಉದ್ದ ನೀನೇ ಆರಿಸಿದ್ದಲ್ಲವಾ?"

"ನೀವು ಮೊಳದ ಲೆಕ್ಕ ಹೇಳಿದ್ರಲ್ಲ."

ಈ ಸಲ ಗಿಡ್ಡದ್ದು, ದಪ್ಪದ್ದು, ಹೊರಗೆ ಬಟ್ಟೆಯ ಜಡೆ ಹೆಣೆದಂಥದ್ದು ಕೊಟ್ಟ. ಅದು ಎಷ್ಟು ಬಿಗಿ ಎಂದರೆ ಗೋಡೆಗೂ ಟಿವಿಗೂ ನಡುವಿನ ಸಂದಿಯಲ್ಲಿ ಬಗ್ಗುವುದಕ್ಕೇ ಒಪ್ಪಲಿಲ್ಲ. ಹೇಗೋ ಬಗ್ಗಿಸಿದೆ. ಮೊದಲ ಸಂಜೆಯೇ ಸ್ವರ ಬಂತು. ಹೀರೋ ಕುದುರೆಯಿಂದ ಇಳಿಯುವ ಮೊದಲೇ ಇವರು ಅವನಿಗೆ ಏನೋ ಹೇಳಿದರು. ಮರುದಿನ ಸಂಜೆ ಸ್ವರ ಇಲ್ಲ. ಅದರ ಮರುದಿನ ಇದೆ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಪೂರ್ತಿ ಕೆಟ್ಟಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಪೂರ್ತಿ ಕೆಟ್ಟದ್ದನ್ನು ಬಿಟ್ಟುಬಿಡಬಹುದು.

ಸಂಜೆ ಏಳಕ್ಕೆ ರಿಮೋಟ್ ಹಿಡಿಯುವುದೇ ಬೇಡ ಅನ್ನಿಸಲು ಶುರುವಾಯಿತು, ಫ್ರ್ಯಾಂಕ್ಲಿ. ಎಪ್ಪತ್ತು ದಾಟಿದ ಹೆಂಗಸಿಗೆ ಟಿವಿಯ ಗುಂಡಿ ಒತ್ತಲು ಭಯ. ಅವರು ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದರು, ಕೂರುತ್ತಿರಲಿಲ್ಲ. ಸ್ವರ ಬಂದರೆ ಕೂರುವುದು, ಬಾರದಿದ್ದರೆ ನಿಂತ ಕಾಲಲ್ಲೇ ಹಿಂತಿರುಗುವುದು. ಒಮ್ಮೆ, "ಇರಿ, ಇನ್ನೊಂದು ಕೇಬಲ್ ನೋಡುವಾ," ಎಂದರೆ, "ಬಿಡೇ. ಕಿವಿ ಹೋದವನಿಗೆ ಎಷ್ಟಂತ ವೈರು ಹಾಕ್ತಿ," ಎಂದುಬಿಟ್ಟರು. ಆ ರಾತ್ರಿ ಊಟಕ್ಕೆ ನಾನು ಎರಡು ತುತ್ತು ಕಡಿಮೆಯೇ ಉಂಡೆ.

ಹಟ ಬಂತು. ಪ್ಯಾಕೆಟ್ಟುಗಳ ಮೇಲಿನ ಬರಹವನ್ನೆಲ್ಲ ಭೂತಗನ್ನಡಿ ಹಿಡಿದು ಓದಿದೆ. ಹೈ ಸ್ಪೀಡ್, ಪ್ರೀಮಿಯಂ ಹೈ ಸ್ಪೀಡ್, ಅಲ್ಟ್ರಾ ಹೈ ಸ್ಪೀಡ್, ವಿತ್ ಇಥರ್‌ನೆಟ್, ಕ್ರಿಸ್ಟಲ್ ಕ್ಲಿಯರ್ ಎಕ್ಸ್‌ಪೀರಿಯೆನ್ಸ್. ಅಷ್ಟು ಮಾತಿನಲ್ಲಿ ಒಂದು ಕ್ರಿಯಾಪದ ಇಲ್ಲ. ಈ ಕೇಬಲ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಎಲ್ಲೂ ಇಲ್ಲ. ಇಂಥ ಉತ್ತರ ಪತ್ರಿಕೆ ಬಂದಿದ್ದರೆ ನಾನು ಅಡ್ಡ ಗೆರೆ ಎಳೆದು ವಾಪಸ್ ಕೊಡುತ್ತಿದ್ದೆ. ಇನ್ನೊಂದು ಅಂಗಡಿಯವನು ವರ್ಶನ್ ಬದಲಿಸಬೇಕು ಎಂದ. ಮತ್ತೊಬ್ಬ, ದುಬಾರಿಯದ್ದು ತಗೊಂಡರೆ ತಲೆನೋವು ಇಲ್ಲ ಎಂದ. ಇಬ್ಬರೂ ಟಿವಿಯನ್ನು ನೋಡಿದವರಲ್ಲ. ಇಬ್ಬರ ಮಾತನ್ನೂ ನಾನು ಕೇಳಿದೆ. ಚಿಕ್ಕವಳಿದ್ದಾಗ ನಮಗೆ ಪೇಷನ್ಸ್ ಎಂಬ ಪದವನ್ನು ಕಸೂತಿಯಲ್ಲಿ ಹೊಲಿಸಿದ್ದರು, ನೀಲಿ ದಾರದಲ್ಲಿ. ಅದು ಈಗ ಎಲ್ಲಿದೆಯೋ. ಇದ್ದಿದ್ದರೆ ಟಿವಿಯ ಹಿಂದಿನ ಧೂಳು ಒರೆಸಲು ಬರುತ್ತಿತ್ತು.

ಕೊನೆಗೆ ಒಂದು ಭಾನುವಾರ, ಟಿವಿಗೆ ಹಾಕಿದ್ದ ಒಂದನ್ನು ಬಿಟ್ಟು ಉಳಿದ ಎಲ್ಲ ಕೇಬಲ್‌ಗಳನ್ನೂ ಬಟ್ಟೆಯ ಚೀಲಕ್ಕೆ ತುಂಬಿ ಅಂಕೋಲೆಯ ಬಸ್ಸು ಹತ್ತಿದೆ. ಮಗಳ ಮನೆಯಲ್ಲಿ ಇಂಥದ್ದೇ ಟಿವಿ, ಇಂಥದ್ದೇ ಸೌಂಡ್‌ಬಾರ್. ಅಲ್ಲಿ ಒಂದೊಂದಾಗಿ ಹಾಕಿ ನೋಡಿದರೆ ಯಾವುದು ಒಳ್ಳೆಯದು, ಯಾವುದು ಬೋಗಸ್ ಎಂದು ತಿಳಿದುಬಿಡುತ್ತದೆ. ಮೇ ತಿಂಗಳ ಸೆಕೆ. ಅವರ್ಸಾದಲ್ಲಿ ಹತ್ತಿದ ಮೀನಿನ ಬುಟ್ಟಿಯವಳು ನನ್ನ ಪಕ್ಕ ಕೂತು, ಚೀಲದಿಂದ ಹೊರಗೆ ಇಣುಕುತ್ತಿದ್ದ ವೈರುಗಳನ್ನು ನೋಡಿ, "ಕರೆಂಟಿನ ಕೆಲ್ಸಕ್ಕೆ ಹೊರಟ್ರಾ ಬಾಯಿ?" ಎಂದು ಕೇಳಿದಳು. ಹೌದು ಎಂದೆ. ವಿವರಿಸುವ ಶಕ್ತಿ ಇರಲಿಲ್ಲ.

ಮಗಳು ಚೀಲ ನೋಡಿದವಳೇ ಸೊಂಟದ ಮೇಲೆ ಕೈ ಇಟ್ಟಳು. "ಆಯಿ, ಇದೆಂಥ, ಬಲೆ ಹೆಣೀಲಿಕ್ಕೆ ಕೂತ್ಯಾ?"

"ಮಾತು ಕಡಿಮೆ ಮಾಡಿ ಇವನ್ನು ಹಾಕು."

ಹಾಕಿದಳು. ಚಿನ್ನದ್ದು ಕೆಲಸ ಮಾಡಿತು. ಜಡೆಯದು ಕೆಲಸ ಮಾಡಿತು. ಇಥರ್‌ನೆಟ್ಟಿನದು, ದುಬಾರಿಯದು, ಎಲ್ಲ ಕೆಲಸ ಮಾಡಿದವು. ಕೊನೆಗೆ ಡಬ್ಬಿಯಲ್ಲಿ ಬಂದ ಮೊದಲಿನ ತೆಳು ಕೇಬಲ್, ನಾನು ಬೈದು ಮೂಲೆಗೆ ಎಸೆದದ್ದು, ಅದೂ ಗಂಟೆ ಬಾರಿಸಿದ ಹಾಗೆ ಸ್ವರ ಕೊಟ್ಟಿತು. ಸಂತೋಷ ಪಡಬೇಕಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಂದಾದರೂ ಕೆಟ್ಟಿದ್ದರೆ ಬೈಯುವುದಕ್ಕೆ ಯಾರಾದರೂ ಇರುತ್ತಿದ್ದರು.

"ಕೇಬಲ್ ಎಲ್ಲಾ ಸಮ ಇದ್ದಾವೆ," ಎಂದಳು ಮಗಳು. "ಯಾವ ತೂತಿಗೆ ಹಾಕ್ತೀ ನೀನು?"

"ಹಳೆಯದು ಇದ್ದ ತೂತಿಗೇ."

"ಅದರ ಹತ್ರ ಎಆರ್‌ಸಿ ಅಂತ ಬರ್ದದೆಯಾ?"

ಆಗ ಅವಳು ತೋರಿಸಿಕೊಟ್ಟಳು. ಟಿವಿಯ ಹಿಂದೆ ಒಂದೇ ಆಕಾರದ ಮೂರು ತೂತುಗಳಿವೆ. ಮೂರಕ್ಕೂ ಕೇಬಲ್ ಸಲೀಸಾಗಿ ಹೋಗುತ್ತದೆ. ಆದರೆ ಸ್ವರ ಹೊರಗೆ ಹೋಗುವುದು ಎಆರ್‌ಸಿ ಎಂದು ಬರೆದ ಒಂದರಿಂದ ಮಾತ್ರ. ಸೆಟ್‌ಟಾಪ್ ಬಾಕ್ಸಿನ ಕೇಬಲ್ಲೂ ಇದೇ ಜಾತಿಯದು, ಅದನ್ನು ಯಾವುದಕ್ಕೆ ಹಾಕಿದರೂ ನಡೆಯುತ್ತದೆ. ಎರಡೂ ಅದಲುಬದಲಾದರೆ ರಿಮೋಟಿನಲ್ಲಿ ಸೋರ್ಸ್ ಒತ್ತಿದ ಮೇಲೆ ಚಿತ್ರವೇನೋ ಬರುತ್ತದೆ, ಸೌಂಡ್‌ಬಾರ್ ಮಾತ್ರ ಮೂಗಿಯಾಗುತ್ತದೆ.

"ಅದಲುಬದಲು ಹ್ಯಾಗೆ ಆಗ್ತದೆ? ಕೇಬಲ್ಲಿಗೆ ಕಾಲಿದೆಯಾ?" ಎಂದೆ.

"ಅಪ್ಪ ಮುಟ್ತಾನಾ?"

"ಅಪ್ಪ ಯಾಕೆ ಮುಟ್ತಾರೆ. ನಾನು ಹಾಕುವಾಗ ಟಾರ್ಚ್ ಹಿಡಿದು ಬರ್ತಾರೆ, ಅಷ್ಟೇ."

ಮಗಳು ಕೇಬಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟಳು. ಊಟ ಮಾಡಿಕೊಂಡು ಹೋಗು ಎಂದಳು. ನಾನು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ತುದಿ ಅಡ್ಡಕ್ಕೆ ತಿರುಗಿದ, ಗೋಡೆಯ ಸಂದಿಯಲ್ಲಿ ಬಗ್ಗುವ ತೊಂದರೆಯೇ ಇಲ್ಲದ ಚಪ್ಪಟೆ ಕೇಬಲ್ ಒಂದು ಕಂಡಿತು. ಅದನ್ನೂ ತೆಗೆದುಕೊಂಡೆ. ಎಲ್ಲವೂ ಸರಿ ಇವೆ ಎಂದು ಕಣ್ಣಾರೆ ನೋಡಿದ ಮೇಲೆ ಇನ್ನೊಂದು ಯಾಕೆ ಎಂದು ಕೇಳಬೇಡಿ. ಆ ಹೊತ್ತಿಗೆ ಅದು ಚಟವಾಗಿತ್ತು.

ಮನೆ ಮುಟ್ಟುವಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಾಗಿಲು ತೆರೆದೇ ಇತ್ತು. ಗೇಟಿನ ಸದ್ದೂ ನನ್ನ ಚಪ್ಪಲಿಯ ಸದ್ದೂ ಅವರಿಗೆ ಕೇಳುವುದಿಲ್ಲವಲ್ಲ. ಹಾಲಿಗೆ ಬಂದು ನಿಂತರೂ ತಿಳಿಯಲಿಲ್ಲ. ಅವರು ಅಡುಗೆಮನೆಯ ಮಣೆಯನ್ನು ತಂದು ಅದರ ಮೇಲೆ ಹತ್ತಿ, ಕೆನ್ನೆಯನ್ನು ಗೋಡೆಗೆ ಒತ್ತಿ, ಟಿವಿಯ ಹಿಂದೆ ತೋಳು ತೂರಿಸಿ ನಿಂತಿದ್ದರು. ಒಂದು ಕೇಬಲ್ ಎಳೆದರು. ಇನ್ನೊಂದು ಎಳೆದರು. ಎರಡರ ತುದಿಗಳನ್ನೂ ಪಂಚೆಯ ಅಂಚಿನಿಂದ ಒರೆಸಿ, ಸುರುಳಿ ಸುತ್ತಿ, ಕ್ಯಾಲೆಂಡರಿನ ಮೊಳೆಗೆ ತೂಗುಹಾಕಿದರು. ಬಹಳ ಜೋಪಾನವಾಗಿ. ಆಮೇಲೆ ಮಣೆಯಿಂದ ಇಳಿದು ಕಿಟಕಿಯ ಹತ್ತಿರ ಹೋಗಿ ಆಕಾಶ ನೋಡುತ್ತ ನಿಂತರು.

ಭುಜ ಮುಟ್ಟಿದೆ. ಬೆಚ್ಚಿದರು.

"ಏನು ಮಾಡ್ತಾ ಇದ್ದೀರಿ?" ಎಂದು ಕಿವಿಯ ಹತ್ತಿರ ಕೇಳಿದೆ.

"ಗುಡುಗು ಬರೂ ಹಾಗೆ ಅದೆ."

"ಎಲ್ಲಿದೆ ಗುಡುಗು? ಬಿಸಿಲು ಹೊಡೀತಾ ಇದೆ."

"ಕದ್ವಾಡದ ಮೇಲೆ ನೋಡು."

ನೋಡಿದೆ. ಹೊಳೆಯ ಮೇಲ್ಗಡೆ, ಗುಡ್ಡಗಳ ಹಿಂದೆ, ಒಂದು ಬೂದು ಮೋಡ ಇತ್ತು. ಒಂದೇ. ನೀರಿನ ಮೇಲೆ ಕಣ್ಣು ಕುಕ್ಕುವ ಬಿಸಿಲು.

ಗುಡುಗಿದರೆ ವೈರು ತೆಗೆಯುವುದು ನಮ್ಮ ಕರಾವಳಿಯಲ್ಲಿ ಮಳೆ ಬಂದರೆ ಕಿಟಕಿ ಹಾಕಿದ ಹಾಗೆ. ಮೊದಲ ಗುಡುಗಿಗೆ ಒಂದು ಮನೆಯಿಂದ "ವೈರ್ ತೆಗೀರೋ" ಎಂದು ಕೂಗಿದರೆ ಆಚೆ ಮನೆಯಲ್ಲೂ ಯಾರೋ ಏಳುತ್ತಾರೆ. ನಮ್ಮ ಹಳೆಯ ಲ್ಯಾಂಡ್‌ಲೈನ್ ಫೋನು ಒಂದು ಸಿಡಿಲಿಗೆ ಕಪ್ಪಾಗಿ ಹೋದ ಮೇಲೆ ಆ ಕೆಲಸ ಅವರದು. ಅದನ್ನು ಟಿವಿ ಮುಟ್ಟುವುದು ಎಂದು ನಾನು ಯಾವತ್ತೂ ಲೆಕ್ಕಕ್ಕೆ ಹಿಡಿದವಳಲ್ಲ. ಹಳೆಯ ಟಿವಿಗೆ ಒಂದು ಪ್ಲಗ್ಗು, ಒಂದು ಗುಂಡನೆಯ ಡಿಶ್ ವೈರು. ಗುಂಡನೆಯದು ಗುಂಡನೆಯ ಜಾಗಕ್ಕಲ್ಲದೆ ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಈಗಿನ ಎರಡು ಕೇಬಲ್, ಒಂದೇ ರೂಪ, ಕತ್ತಲ ಸಂದಿಯಲ್ಲಿ ಬೆರಳಿಗೆ ಮೊದಲು ಸಿಕ್ಕ ತೂತಿಗೆ ಮೊದಲು ಸಿಕ್ಕ ಕೇಬಲ್.

ಅವರು ಈಗ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದರು. "ಮೊದ್ಲು ಗುಡುಗಿದ ಮೇಲೆ ತೆಗೀತಿದ್ದೆ," ಎಂದರು. "ಈಗ ನಂಗೆ ಕೇಳೂದಿಲ್ಲಲ್ಲ. ಮಿಂಚು ಕಾಣೂವರೆಗೆ ಕೂತ್ರೆ ಎಲ್ಲಾ ಸುಟ್ಟೇ ಹೋಗ್ತದೆ. ಅದಕ್ಕೆ ಆ ಕಡೆ ಕಪ್ಪಾದ ಕೂಡ್ಲೆ ತೆಗೀತೆ. ನೀ ಮಧ್ಯಾಹ್ನ ಮಲಗಿರ್ತಿ. ಸಂಜೆ ಚಹಾದ ಮೊದ್ಲೇ ಹಾಕಿಡ್ತೆ."

"ದಿನಾ?"

"ಮೋಡ ಇದ್ರೆ."

"ನನ್ನನ್ನು ಕೇಳಬಹುದಿತ್ತಲ್ಲ, ಗುಡುಗಿತಾ ಅಂತ."

"ಎಷ್ಟು ಸರ್ತಿ ಕೇಳೂದು? ಗುಡುಗಿತೇನೇ, ಗುಡುಗಿತೇನೇ ಅಂತ ನಿನ್ನ ಹಿಂದೆ ತಿರುಗೂದಾ ನಾನು, ಸಣ್ಣ ಮಕ್ಕಳ ಹಾಗೆ?" ಮೊಳೆಯ ಮೇಲಿನ ಸುರುಳಿಗಳ ಕಡೆ ಕೈ ತೋರಿಸಿ, "ನೀ ಅಷ್ಟು ಅಂಗಡಿ ಸುತ್ತಿ ತಂದೀ ಅಂತ ಮತ್ತೂ ಜಾಗ್ರತೆ ಮಾಡ್ದೆ," ಎಂದರು.

ಅಂದರೆ ನಾನು ಹೆಚ್ಚು ಹೆಚ್ಚು ಒಳ್ಳೆಯ ಕೇಬಲ್ ತಂದಷ್ಟೂ ಅವರು ಹೆಚ್ಚು ಹೆಚ್ಚು ಸಲ ಕಿತ್ತಿದ್ದಾರೆ.

ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಸುರಿದೆ. ಎಲ್ಲ ಹೇಳಿದೆ. ಅಂಕೋಲೆಯಲ್ಲಿ ಎಲ್ಲ ಕೆಲಸ ಮಾಡಿದವು, ಒಂದೂ ಕೆಟ್ಟಿರಲಿಲ್ಲ, ಮೂರು ತೂತು, ಎಆರ್‌ಸಿ, ಎಲ್ಲ. ಕಿವಿ ಕೇಳದವರ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟದ ಕೆಲಸ. ಒಂದು ಸಲ ಮನಸ್ಸಿನಿಂದ ಬಂದ ಮಾತನ್ನು ಇನ್ನೊಂದು ಸಲ ಜೋರಾಗಿ ಹೇಳಬೇಕು. ಆಗ ಅದು ಸಿಟ್ಟಾಗಿ ಉಳಿಯುವುದಿಲ್ಲ, ಡಿಕ್ಟೇಷನ್ ಕೊಟ್ಟ ಹಾಗೆ ಆಗುತ್ತದೆ. ಮೂರನೆಯ ಸಲಕ್ಕೆ ನನಗೇ ರಿಡಿಕ್ಯುಲಸ್ ಅನ್ನಿಸಿತು. ಬೇಲಿಯ ಆಚೆ ಪಕ್ಕದ ಮನೆಯವಳು ಒಣಗಿದ ಬಟ್ಟೆಯನ್ನು ಬಹಳ ನಿಧಾನವಾಗಿ ತೆಗೆಯುತ್ತಿದ್ದಳು.

"ಸಿಡಿಲಿಗೆ ಪ್ಲಗ್ಗು ತೆಗೆದರೆ ಸಾಕು, ಡಿಶ್ ವೈರು ತೆಗೆದರೆ ಸಾಕು," ಎಂದೆ. "ಈ ಎರಡು ಮನೆಯೊಳಗಿನವು. ಇವುಗಳ ತಂಟೆಗೆ ಹೋಗಬೇಡಿ."

"ಮಿಂಚು ನಿನ್ನ ಕೇಳಿ ಬರ್ತದಾ, ಯಾವ ವೈರಲ್ಲಿ ಬರ್ಲಿ ಅಂತ?"

"ಸರಿ. ಹಾಗಾದರೆ ಗುಡುಗಿದರೆ ನಾನು ಹೇಳ್ತೇನೆ. ನಾನು ಹೇಳುವವರೆಗೆ ಯಾವುದನ್ನೂ ಮುಟ್ಟಬಾರದು."

"ಮಧ್ಯಾಹ್ನ ಮಲಗಿದಾಗ?"

"ಮಲಗುವ ಮೊದಲು ಪ್ಲಗ್ಗನ್ನೂ ಡಿಶ್ ವೈರನ್ನೂ ನಾನೇ ತೆಗೀತೇನೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೂ ವಯಸ್ಸಾಯ್ತು. ಬೆಳಿಗ್ಗೆ ಹಾಲಿನವ ಮೂರು ಸರ್ತಿ ಬೆಲ್ ಮಾಡ್ದ ಅಂತ ಬಯ್ಕೊಂಡ್ ಹೋದ. ನಿನ್ನ ಕಿವಿ ನಂಬಿ ನಾ ಕೂರ್ಬೇಕಾ?"

"ಕೂರಬೇಕು," ಎಂದೆ.

ಅವರು ಕಿಟಕಿಯ ಕಡೆ ತಿರುಗಿದರು. ಅವರು ಒಪ್ಪಿದರೋ, ಮಾತು ಕೇಳಿಸಲಿಲ್ಲವೋ ತಿಳಿಯಲಿಲ್ಲ. ಎಷ್ಟೋ ಸಲ ಹೀಗಾಗುತ್ತದೆ ಈಗ. ನಾನು ಮಣೆ ಹತ್ತಿ, ಭೂತಗನ್ನಡಿ ಹಿಡಿದು, ಎಆರ್‌ಸಿ ಎಂಬ ಸಣ್ಣ ಅಕ್ಷರ ಹುಡುಕಿ ಕೇಬಲ್ ಹಾಕಿದೆ. ಯಾವ ಕೇಬಲ್ ಎಂದು ಆರಿಸಲಿಲ್ಲ. ರಾಶಿಯಲ್ಲಿ ಕೈಗೆ ಬಂದದ್ದನ್ನು ಹಾಕಿದೆ. ಅದು ಡಬ್ಬಿಯಲ್ಲಿ ಬಂದ ತೆಳು ಕೇಬಲ್ಲೋ ಇನ್ನೊಂದೋ, ನೋಡಿಕೊಳ್ಳಲೂ ಇಲ್ಲ.

ಸಂಜೆ ಚಹಾದ ಮೇಲೆ ಟಿವಿ ಹಚ್ಚಿದೆ. ಸ್ವರ ಬಂತು. ಅವರು ಬಾಗಿಲಲ್ಲಿ ನಿಂತು, ಕಿಟಕಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. "ಕಪ್ಪಾಗ್ತಾ ಬಂತು," ಎಂದರು. ನಿಜಕ್ಕೂ ಆ ಹೊತ್ತಿಗೆ ಮೋಡ ಹೊಳೆ ದಾಟಿ ನಮ್ಮ ಕಡೆ ಬರುತ್ತಿತ್ತು, ಗಾಳಿ ನಿಂತಿತ್ತು.

"ನಾನು ಕೇಳ್ತಾ ಇದ್ದೇನೆ. ಕೂತುಕೊಳ್ಳಿ."

ಕೂತರು. ಮೊದಲು ಕುರ್ಚಿಯ ಅಂಚಿಗೆ, ಯಾವಾಗ ಬೇಕಾದರೂ ಏಳುವವರ ಹಾಗೆ. ಹತ್ತಿಪ್ಪತ್ತು ನಿಮಿಷ ಕಳೆದ ಮೇಲೆ ಬೆನ್ನು ಒರಗಿತು. ಯಾರೋ ಶ್ರೀಮಂತ ಮಾವ, ಯಾರೋ ಬಡ ಅಳಿಯ, ಒಂದು ಕಳೆದುಹೋದ ಉಂಗುರ. ಅವರು ನಗಲು ಶುರುಮಾಡಿದರು, ಉತ್ತರ ಕೊಡಲು ಶುರುಮಾಡಿದರು. ನನಗೆ ಮಾತ್ರ ಪಿಕ್ಚರ್ ತಲೆಗೆ ಹೋಗುತ್ತಿರಲಿಲ್ಲ. ನನ್ನ ಕಿವಿ ಪೂರ್ತಿ ಹೊರಗಿತ್ತು. ಹೆದ್ದಾರಿಯಲ್ಲಿ ಲಾರಿ ಹೋದರೆ ಅದು ಗುಡುಗೋ ಎಂದು ಉಸಿರು ಹಿಡಿಯುತ್ತಿದ್ದೆ. ಪಕ್ಕದ ಮನೆಯವಳು ಕಬ್ಬಿಣದ ಗೇಟು ಎಳೆದರೆ ಏಳಲು ಹೋಗಿ ಮತ್ತೆ ಕೂರುತ್ತಿದ್ದೆ. ಇಷ್ಟು ವರ್ಷ ಗುಡುಗು ತಾನಾಗಿ ಕೇಳುತ್ತಿತ್ತು. ಕಾದು ಕೂತರೆ ಎಲ್ಲವೂ ಗುಡುಗಿನ ಹಾಗೆಯೇ ಕೇಳುತ್ತದೆ.

ಪರದೆಯ ಮೇಲೆ ಅಳಿಯ ಏನೋ ಹೇಳಿ ತಲೆ ತಗ್ಗಿಸಿದ. ಇವರು ತೊಡೆ ತಟ್ಟಿಕೊಂಡು ನಕ್ಕರು.

"ಏನಂದ ಅವನು?" ಎಂದು ಕೇಳಿದೆ.

ಅವರು ನನ್ನ ಕಡೆ ಪೂರ್ತಿ ತಿರುಗಿದರು. ಅವರಿಗೆ ಎಷ್ಟು ಖುಷಿಯಾಯಿತು ಎಂದರೆ ಅಳಿಯ ಅಂದದ್ದನ್ನೂ, ಅದಕ್ಕೆ ಮಾವ ಅಂದದ್ದನ್ನೂ, ತಾನಾಗಿದ್ದರೆ ಏನು ಅನ್ನುತ್ತಿದ್ದೆ ಎಂಬುದನ್ನೂ ಕೈ ಬಾಯಿ ತಿರುಗಿಸಿ ಹೇಳತೊಡಗಿದರು. ದೊಡ್ಡ ದನಿ. ಕಿವಿ ಮಂದವಾದ ಮೇಲೆ ಅವರ ದನಿ ಎಷ್ಟು ದೊಡ್ಡದಾಗಿದೆ ಎಂದು ಅವರಿಗೆ ಗೊತ್ತಿಲ್ಲ. ಅದರ ನಡುವೆ, ಬಹಳ ದೂರದಲ್ಲಿ, ಕದ್ವಾಡದ ಆಚೆ, ಏನೋ ಉರುಳಿದ ಹಾಗಾಯಿತು. ಆಯಿತೋ ಇಲ್ಲವೋ.

"ಸ್ವಲ್ಪ ಸುಮ್ಮನಿರಿ. ನನಗೆ ಕೇಳಿಸ್ತಾ ಇಲ್ಲ," ಎಂದೆ.

"ಯಾವ್ದು? ಪಿಕ್ಚರಾ, ಗುಡುಗಾ?"

"ಎರಡೂ," ಎಂದು ಗದರಿ, ಕಿಟಕಿಯ ಕಡೆ ಕಿವಿ ಕೊಟ್ಟೆ. ಅವರು ಅರ್ಧ ನಿಮಿಷ ಸುಮ್ಮನಿದ್ದರು.